ಪಟೇಲರ ಮನೆಯ ಮಾತು

ಕನ್ನಡ ಸಾರ್ ತೀರಿಕೊಂಡ ಸುದ್ದಿ ನಮ್ಮ ಶಾಲೆಯ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಅದೇ ಗುಂಪಿನಲ್ಲಿ ಪರೀಕ್ಷೆಯ ವೇಳಾಪಟ್ಟಿ ಹುಡುಕುತ್ತಿದ್ದೆ. ಅವರ ಫೋಟೊ, ಕೆಳಗೆ ಒಂದು ಸಾಲು, ಅದರ ಕೆಳಗೆ ಸಾಲುಸಾಲು ಮುಗಿದ ಕೈಗಳು. ಕೈ ಮುಗಿದವರಲ್ಲಿ ಅರ್ಧ ಜನ ಅವರ ಮುಖವನ್ನೇ ನೋಡಿದವರಲ್ಲ, ಅವರ ನಿವೃತ್ತಿಯ ನಂತರ ಕೆಲಸಕ್ಕೆ ಸೇರಿದವರು. ನಾನು ಏನನ್ನೂ ಒತ್ತಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಅವರ ಜೊತೆ ನಾನು ಆಡಿದಷ್ಟು ಜಗಳವನ್ನು ನನ್ನ ಗಂಡನ ಜೊತೆಯೂ ಆಡಿಲ್ಲ. ಅಂಥವರು ಹೋದಾಗ ಒತ್ತುವುದಕ್ಕೆ ಫೋನಿನಲ್ಲಿ ಇನ್ನೂ ಗುರುತು ಬಂದಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಊರು ತಿಳಿಯುತ್ತದೆ, ಊರಿನಿಂದ ಮನೆ ತಿಳಿಯುತ್ತದೆ, ಆ ಮನೆಯವರಿಗೆ ಇದು ಇಷ್ಟವಾಗುವ ಬರಹವಲ್ಲ. ಮಕ್ಕಳಿಗೆ ಅವರು ಕನ್ನಡ ಸಾರ್, ನಮಗೂ ಅಷ್ಟೆ. ನಮ್ಮ ಶಾಲೆ ಇರುವುದು ಹೆಬ್ಬಗೋಡಿಯಲ್ಲಿ, ಹೊಸೂರು ರಸ್ತೆಯಿಂದ ಸ್ವಲ್ಪ ಒಳಕ್ಕೆ. ಕಂಪನಿಗಳಲ್ಲಿ ಶಿಫ್ಟ್ ಮಾಡುವವರು, ಗಾರ್ಮೆಂಟ್ಸಿಗೆ ಹೋಗುವವರು, ಆಟೊ ಓಡಿಸುವವರು, ಇವರ ಮಕ್ಕಳೇ ಹೆಚ್ಚು. ಒಂದು ಬೆಂಚಿನಲ್ಲಿ ರಾಯಚೂರು, ಧರ್ಮಪುರಿ, ಅನಂತಪುರ ಮೂರೂ ಕೂತಿರುತ್ತವೆ. ನಾನು ಅಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಅವರು ಪ್ರೌಢಶಾಲೆಗೆ ಕನ್ನಡ ಹೇಳುತ್ತಿದ್ದರು.

ಸಾರ್ ಮಾತ್ರ ಅಲ್ಲಿನವರೇ. ಶಾಲೆಯಿಂದ ಕಾಣುವಷ್ಟು ಹತ್ತಿರದ ಹಳ್ಳಿ ಅವರದು. ಈಗ ಅದನ್ನು ಹಳ್ಳಿ ಅನ್ನುವವರು ಅಲ್ಲಿ ಹುಟ್ಟಿದವರು ಮಾತ್ರ. ಅವರ ತಾತ ಊರಿನ ಪಟೇಲರಾಗಿದ್ದರಂತೆ. ಹೊಲಗಳೆಲ್ಲ ಕಂಪನಿಗಳಿಗೆ ಹೋಗಿ, ಉಳಿದ ಜಾಗದಲ್ಲಿ ಅವರ ಅಣ್ಣ ಬಾಡಿಗೆ ಮನೆಗಳನ್ನು ಎಬ್ಬಿಸಿ, ಕಾರಿನಲ್ಲಿ ಓಡಾಡುತ್ತಿದ್ದರು. ಸಾರ್ ಮಾತ್ರ ಕೆಮ್ಮುತ್ತ ಹೊಗೆ ಬಿಡುವ ಹಳೆಯ ಮೊಪೆಡ್ಡಿನಲ್ಲಿ ಬರುವರು. ಅಂಗಿಯ ಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು, ಪ್ಯಾಂಟಿನ ಜೇಬಿನಲ್ಲಿ ಹುರಿಗಡಲೆ. ಎರಡೂ ಒಮ್ಮೊಮ್ಮೆ ಬೆರೆತುಹೋಗಿ, ಮಕ್ಕಳಿಗೆ ಬಹುಮಾನವಾಗಿ ಕೊಟ್ಟ ಕಡಲೆಯಲ್ಲಿ ಸುಣ್ಣದ ರುಚಿ ಇರುತ್ತಿತ್ತು. ಸ್ಟಾಫ್ ರೂಮಿನಲ್ಲಿ "ಅಂಗಲ್ಲ ಮೇಡಂ, ಇಂಗೆ" ಎಂದು ಅಪ್ಪಟ ಹಳ್ಳಿ ಮಾತಾಡುತ್ತಿದ್ದ ಮನುಷ್ಯ ತರಗತಿಯ ಬಾಗಿಲು ದಾಟಿದ ಕೂಡಲೇ ಅಚ್ಚಾದ ಪುಸ್ತಕದ ಹಾಗೆ ಮಾತಾಡುವರು.

ಇನ್ನೊಬ್ಬರ ಮನೆಗೆ ಹೋಗುವ ವಿಷಯದಲ್ಲಿ ಅವರದು ಹಳೆಯ ಕಾಲದ ಸಂಕೋಚ. ಗಂಡಸರಿಲ್ಲದ ಮನೆಯ ಹೊಸ್ತಿಲನ್ನು ಅವರು ದಾಟುತ್ತಿರಲಿಲ್ಲ. ನಾನು ಜ್ವರ ಬಂದು ಮಲಗಿದ್ದಾಗ ಉತ್ತರಪತ್ರಿಕೆಗಳ ಕಟ್ಟು ಕೊಡಲು ನಮ್ಮ ಮನೆಗೆ ಬಂದಿದ್ದರು. ನನ್ನ ಗಂಡ ಮನೆಯಲ್ಲಿರಲಿಲ್ಲ. ಅತ್ತೆ ಒಳಗೆ ಕರೆದರೂ ಬಾರದೆ, ಬಿಸಿಲಲ್ಲಿ ಬಾಗಿಲ ಹೊರಗೇ ನಿಂತರು. ನೀರು ತಂದುಕೊಟ್ಟರೆ, "ಈಗ ತಾನೇ ಕುಡ್ದೆ ತಾಯಿ" ಅಂದರು. ಕುಡಿದಿರಲಿಲ್ಲ, ಹಣೆಯ ಬೆವರೇ ಹೇಳುತ್ತಿತ್ತು. ನಮ್ಮ ಅತ್ತೆಗೆ ಅವರು ಬಹಳ ಹಿಡಿಸಿಬಿಟ್ಟರು. ಇಂಥ ಮರ್ಯಾದಸ್ಥರು ಈಗೆಲ್ಲಿ ಎಂದು ವಾರವಿಡೀ ಹೇಳಿದರು. ನಾನು ಮಾತ್ರ ಶಾಲೆಗೆ ಹೋದ ದಿನವೇ, "ಒಳಗೆ ಬಂದಿದ್ರೆ ನಿಮ್ಮನ್ನೇನು ಕಟ್ಟಿಹಾಕ್ತಿದ್ವಾ ಸಾರ್?" ಎಂದು ಕಿಚಾಯಿಸಿದೆ. ಅವರು ಹುರಿಗಡಲೆ ಮುಂದೆ ಮಾಡಿ ಮಾತು ಮರೆಸಿದರು.

ಜಗಳ ಶುರುವಾಗುತ್ತಿದ್ದದ್ದು ನನ್ನ ಪಾಠದಿಂದ. ಒಮ್ಮೆ ನನ್ನ ಪಠ್ಯಪುಸ್ತಕ ತಿರುವಿಹಾಕುತ್ತ ಕೇಳಿದರು. "ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗಾಗಿತ್ತು ಅಂತ ಬರ್ದವ್ರೆ. ಯಾರು ಯಾರಿಗೆ ಮಾಡಿದ್ರು ಅಂತ ಇಲ್ವಲ್ಲ ಮೇಡಂ? ಮಳೆ ಬಂದಂಗೆ ಬಂತಾ ಅದು?"

"ಮಕ್ಕಳಿಗೆ ಅಷ್ಟು ಸಾಕು ಸಾರ್. ಕ್ಲಾಸಲ್ಲಿ ಎಲ್ಲಾ ಥರದ ಮಕ್ಕಳೂ ಇರ್ತಾರೆ."

"ಅದಕ್ಕೇ ಸಾಲ್ದು ಅಂತಿರೋದು."

ನನಗೆ ಸಿಟ್ಟು ಬಂತು. ಅವರ ಮಾತು ಸುಳ್ಳಾಗಿರಲಿಲ್ಲ ಎಂಬುದಕ್ಕೇ ಹೆಚ್ಚು ಸಿಟ್ಟು ಬಂತು.

ಅವರ ಉತ್ತರ ಶನಿವಾರ ಬೆಳಗ್ಗೆ ಸಿಗುತ್ತಿತ್ತು. ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಒಂಬತ್ತನೇ ತರಗತಿಗೆ ಅವರು ಒಂದು ಹಳೆಯ ಕಾದಂಬರಿಯನ್ನು ಓದಿಸುತ್ತಿದ್ದರು. ಕನ್ನಡದಲ್ಲಿ ದೊಡ್ಡದು ಅನ್ನಿಸಿಕೊಂಡದ್ದೇ. ಅದರ ಹೆಸರೂ ಇಲ್ಲಿ ಬೇಡ. ಒಬ್ಬ ಜಮೀನುದಾರ, ಅವನ ಹೊಲ, ಆ ಹೊಲದಲ್ಲಿ ತಲೆಮಾರುಗಳಿಂದ ಗೇಯುವ ಒಂದು ಕುಟುಂಬ, ಇಷ್ಟು ಕಥೆ. ಪ್ರತಿ ಬೆಂಚಿಗೂ ಒಂದು ಪ್ರತಿ, ಒಬ್ಬರಾದ ಮೇಲೆ ಒಬ್ಬರು ಎದ್ದು ಓದಬೇಕು. ನನ್ನ ತರಗತಿಗೂ ಅವರ ತರಗತಿಗೂ ನಡುವೆ ಇದ್ದದ್ದು ಪ್ಲೈವುಡ್ ಹಲಗೆ. ಹಾಗಾಗಿ ನನ್ನ ಮಕ್ಕಳೂ ಭೂಪಟ ಬಿಡಿಸುತ್ತ ಆ ಕಥೆ ಕೇಳುತ್ತಿದ್ದರು. ನಾನೂ ಕೇಳುತ್ತಿದ್ದೆ.

ಒಂದು ಪುಟವನ್ನು ಮಾತ್ರ ಯಾವ ಮಗುವಿಗೂ ಓದಲು ಕೊಡುತ್ತಿರಲಿಲ್ಲ. ಅದರಲ್ಲಿ ಯಜಮಾನ ಕಣದಲ್ಲಿ ನಿಂತು ತನ್ನ ಆಳನ್ನು ಕೂಗುತ್ತಾನೆ. ಹೆಸರು ಹಿಡಿದಲ್ಲ, ಜಾತಿ ಹಿಡಿದು, ಅದಕ್ಕೆ ಇನ್ನೊಂದು ಹೊಲಸು ಮಾತು ಜೋಡಿಸಿ. ಆ ಪುಟ ಬಂದಾಗ ಸಾರ್ ಪುಸ್ತಕವನ್ನು ತಾವೇ ತೆಗೆದುಕೊಂಡು ಗಟ್ಟಿಯಾಗಿ ಓದುವರು. ಆ ಪದವನ್ನು ನುಂಗುತ್ತಿರಲಿಲ್ಲ. ಓದಿ, ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿ, ಕುರ್ಚಿಯಿಂದ ಎದ್ದು ನಿಲ್ಲುವರು. ಪ್ರತಿ ವರ್ಷವೂ ಹೆಚ್ಚುಕಡಿಮೆ ಇವೇ ಮಾತುಗಳು.

"ಮಕ್ಕಳೇ, ಇದು ಬರೀ ಪುಸ್ತಕದ ಮಾತಲ್ಲ. ನಮ್ಮ ಮನೆಯ ಮಾತು. ಕಿಟಕಿಯಲ್ಲಿ ಕಾಣುತ್ತಲ್ಲ, ಆ ಕಂಪನಿ ಗೇಟ್, ಅಲ್ಲಿ ನಮ್ಮ ರಾಗಿ ಹೊಲ ಇತ್ತು. ಅಲ್ಲಿ ದುಡಿಯುತ್ತಿದ್ದವರನ್ನು ನಮ್ಮ ತಾತ ಹೀಗೇ ಕರೆಯುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬೆಲ್ಲ ತಿನ್ನುತ್ತಿದ್ದೆ. ನನಗೆ ಏನೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಈ ಪುಸ್ತಕ ಓದಿದ ಮೇಲೆ."

ಆಮೇಲೆ ಗಂಟೆ ಹೊಡೆದು ಮಕ್ಕಳು ಗಲಾಟೆ ಮಾಡುತ್ತ ಮನೆಗೆ ಓಡುವರು.

ಇದು ನನಗೆ ಸರಿ ಕಾಣುತ್ತಿರಲಿಲ್ಲ ಎಂದು ಅವರಿಗೆ ಹೇಳಿದ್ದೇನೆ. ಪುಸ್ತಕ ಒಳ್ಳೆಯದೇ, ದೊಡ್ಡವರು ಓದಲಿ. ಮನೆಯಲ್ಲಿ ಓದುವವನಿಗೆ ಬೇಡವಾದರೆ ಮುಚ್ಚಿಡಬಹುದು, ಎದ್ದು ಹೋಗಬಹುದು. ತರಗತಿಯಲ್ಲಿ ಕೂತ ಮಗು ಎದ್ದು ಹೋಗುವ ಹಾಗಿಲ್ಲ. ಆ ಪದ ಯಾರ ಮೇಲೆ ಬೀಳುತ್ತದೋ ಆ ಮಗು ನಲವತ್ತು ಜನರ ನಡುವೆ ಕೂತು ಅದನ್ನು ಕೇಳಬೇಕು. ಇದು ನನ್ನ ವಾದ. ಇಂದಿಗೂ ನನ್ನ ವಾದ ಇದೇ.

ಅವರದು ಒಂದೇ ಮಾತು. "ಆ ಪದ ತೆಗೆದುಬಿಟ್ರೆ ನಮ್ ತಾತ ಒಳ್ಳೇವ್ನಾಗ್ಬಿಡ್ತಾನೆ ಮೇಡಂ. ಈಗಾಗ್ಲೇ ನಮ್ಮನೇಲಿ ಅವ್ನು ದೇವ್ರಾಗವ್ನೆ. ಗೋಡೆ ಮೇಲೆ ಹಾರ ಹಾಕವ್ರೆ. ಅವ್ನ ಬಾಯಿ ಹೆಂಗಿತ್ತು ಅಂತ ಹೇಳೋನು ನಾನೊಬ್ನೇ ಉಳ್ದಿರೋದು."

ಒಂದು ವರ್ಷ ಒಂಬತ್ತನೇ ತರಗತಿಗೆ ಸರ್ಕಾರಿ ಶಾಲೆಯಿಂದ ಒಬ್ಬ ಹುಡುಗಿ ಬಂದು ಸೇರಿದ್ದಳು. ಸುಧಾ ಎಂದು ಕರೆಯುತ್ತೇನೆ. ಜಾಣೆ, ಮಾತು ಕಡಿಮೆ, ಅಕ್ಷರ ದುಂಡಗೆ. ಸಾರ್‌ಗೆ ಅವಳನ್ನು ಕಂಡರೆ ಬಹಳ ಇಷ್ಟ. ಅವಳ ಪ್ರಬಂಧವನ್ನು ಸ್ಟಾಫ್ ರೂಮಿಗೆ ತಂದು ಎಲ್ಲರಿಗೂ ಓದಿ ಹೇಳಿದ್ದರು. ಅವಳು ಎಲ್ಲಿಂದ ಬರುತ್ತಾಳೆಂದು ಅವರಿಗೆ ಗೊತ್ತಿರಲಿಲ್ಲ. ಮಕ್ಕಳ ಜಾತಿ ಕೇಳುವುದಿಲ್ಲ, ದಾಖಲಾತಿ ಪುಸ್ತಕದಲ್ಲಿ ಆ ಜಾಗ ನೋಡುವುದೂ ಇಲ್ಲ ಎಂಬುದು ಅವರು ಹೆಮ್ಮೆಯಿಂದ ಪಾಲಿಸಿಕೊಂಡು ಬಂದ ನಿಯಮ. ಅದೊಂದು ಒಳ್ಳೆಯ ನಿಯಮ ಎಂದೇ ನಾವೆಲ್ಲ ಅಂದುಕೊಂಡಿದ್ದೆವು.

ಸುಧಾ ಅವರದೇ ಹಳ್ಳಿಯವಳು. ಹಳ್ಳಿಯ ಆಚೆ ತುದಿಯ ಕಾಲೋನಿಯವಳು. ಅವಳ ತಾತ, ಮುತ್ತಾತ ಗೇಯ್ದದ್ದು ಇದೇ ಪಟೇಲರ ಹೊಲದಲ್ಲಿ.

ಆ ಶನಿವಾರ ಹಲಗೆಯ ಈಚೆ ನಾನು ಎಂದಿನ ಹಾಗೆ ಕೇಳುತ್ತಿದ್ದೆ. ಸಾರ್ ಪದ ಓದಿದರು, ಪುಸ್ತಕ ಮುಚ್ಚಿದರು, ಕುರ್ಚಿ ಸರಿದ ಸದ್ದಾಯಿತು, ನಮ್ಮ ಮನೆಯ ಮಾತು ಅಂದರು, ಕಂಪನಿ ಗೇಟು, ರಾಗಿ ಹೊಲ ಅಂದರು. ಅದುವರೆಗಿನ ವರ್ಷಗಳಲ್ಲಿ ಎದುರಿಗಿದ್ದದ್ದು ಬೇರೆ ಕಡೆಯಿಂದ ಬಂದವರ ಮಕ್ಕಳು. ಆ ಹೊಲದಲ್ಲಿ ದುಡಿದವರು ಅವರಿಗೆ ಕಥೆಯ ಪಾತ್ರಗಳು. ಈ ಸಲ ಅದೇ ಹಳ್ಳಿಯ, ಸಾರ್‌ಗೆ ದೂರದ ಸಂಬಂಧವೂ ಆಗುವ ಒಬ್ಬ ಹುಡುಗ ಮುಂದಿನ ಬೆಂಚಿನಲ್ಲಿದ್ದ. ಅವನು ತಿರುಗಿ ಸುಧಾಳನ್ನು ನೋಡಿದ. "ನಿಮ್ಮೋರೇ ಅಲ್ವೇನೇ?" ಎಂದು ಕೇಳಿದನಂತೆ, ಕೆಟ್ಟದಾಗಿ ಅಲ್ಲ, ನೆನಪು ಮಾಡಿಕೊಳ್ಳುವವನ ಹಾಗೆ. ಅವನು ತಿರುಗಿದ್ದಕ್ಕೆ ಪಕ್ಕದವನು ತಿರುಗಿದ. ಆಮೇಲೆ ಇಡೀ ತರಗತಿ ತಿರುಗಿತು.

ಸೋಮವಾರದಿಂದ ಶುರುವಾಯಿತು. ಊಟದ ಬಿಡುವಿನಲ್ಲಿ, ನೀರಿನ ನಲ್ಲಿಯ ಹತ್ತಿರ, ಮೆಟ್ಟಿಲ ಮೇಲೆ. ಮಕ್ಕಳು ಆ ಪದವನ್ನು ಸುಮ್ಮನೆ ಅನ್ನುತ್ತಿರಲಿಲ್ಲ. ಸಾರ್ ಓದುತ್ತಿದ್ದ ದನಿಯಲ್ಲೇ, ಅವರ ಏರಿಳಿತವನ್ನೇ ಹಿಡಿದು, ಬೆರಳನ್ನು ಪುಸ್ತಕದಲ್ಲಿಟ್ಟಂತೆ ನಟಿಸಿ ಅನ್ನುತ್ತಿದ್ದರು. ಒಬ್ಬನ ಕಿವಿ ಹಿಂಡಿ ಹೆಡ್ ಮಿಸ್ ಹತ್ತಿರ ಎಳೆದುಕೊಂಡು ಹೋದವಳು ನಾನೇ. ಮಕ್ಕಳ ಆ ನಟನೆಯನ್ನು ಸಾರ್ ಕಣ್ಣಾರೆ ಕಂಡರು. ಅವರ ಮುಖ ಆವತ್ತು ಹೇಗಾಯಿತು ಎಂದು ಬರೆಯಲು ನನಗೆ ಆಗುವುದಿಲ್ಲ.

ವಾರ ಮುಗಿಯುವುದರೊಳಗೆ ಸುಧಾ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಅವಳ ಅಮ್ಮ ಬಂದರು. ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುವವರು, ಕೆಲಸದಿಂದ ನೇರ ಬಂದಿದ್ದರು, ಸೀರೆಯ ಅಂಚಿಗೆ ದಾರದ ಎಳೆಗಳು ಅಂಟಿಕೊಂಡಿದ್ದವು. ಹೆಡ್ ಮಿಸ್ ಕೋಣೆಯಲ್ಲಿ ನಾವು ಮೂರು ಜನ ಇದ್ದೆವು. ಸುಧಾಳ ಅಮ್ಮನನ್ನು ಕಂಡು ಎದ್ದು ನಿಂತ ಸಾರ್ ಮತ್ತೆ ಕೂರಲಿಲ್ಲ.

"ಪುಸ್ತಕದಾಗೆ ಏನೈತೋ ನಂಗೊತ್ತಿಲ್ಲ ಸಾರ್," ಆಯಮ್ಮ ಅಂದರು. ದನಿ ಏರಿಸಲಿಲ್ಲ. "ನಿಮ್ ತಾತ ಹಂಗಂದಿದ್ದು ಯಾರಿಗೆ ಅಂತ ನಿಮ್ಗೆ ಗೊತ್ತಾ? ನಮ್ ಮಾವನೋರಪ್ಪಂಗೆ. ನಮ್ ಮಾವ ಇನ್ನೂ ಅವ್ರೆ. ನಿಮ್ ಸ್ಕೂಲಿಂದ ಅರ್ಧ ಮೈಲಿ ಇಲ್ಲ ನಮ್ಮನೆ."

"ಗೊತ್ತಿರ್ಲಿಲ್ಲ ತಾಯಿ," ಅಂದರು ಸಾರ್.

"ನಮ್ ಮಗು ನಮ್ಮೂರೋಳು ಅಂತ್ಲೇ ಗೊತ್ತಿರ್ಲಿಲ್ವಾ?"

ಸಾರ್ ಇಲ್ಲವೆಂದು ತಲೆಯಾಡಿಸಿದರು.

"ನೀವು ನಿಮ್ ತಾತನ್ ತಪ್ಪು ಒಪ್ಕೊಂಡ್ರಿ. ದೊಡ್ ಮನ್ಸು ನಿಮ್ದು, ಬೇಡ ಅನ್ನಲ್ಲ. ಒಪ್ಕೊಳ್ಳೋಕೆ ನನ್ ಮಗಳನ್ನ ಎದುರ್ಗೆ ಕೂರಿಸ್ಕೋಬೇಕಿತ್ತಾ? ಅವ್ಳು ಕ್ಲಾಸಿಗೆ ಸೇರಿದ್ದು ಕನ್ನಡ ಕಲಿಯೋಕೆ ಸಾರ್. ನಮ್ ಮನೆ ಕತೆ ನಿಮ್ ಬಾಯಲ್ಲಿ ಕೇಳೋಕಲ್ಲ."

ನನ್ನ ವಾದವನ್ನು ನನಗಿಂತ ಚೆನ್ನಾಗಿ ಒಬ್ಬರು ಹೇಳಿದ್ದರು. ಅದರಿಂದ ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಆಮೇಲೆ ಮೀಟಿಂಗ್. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಮಗುವಿನ ಬಗ್ಗೆ ಅಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಯಾರಾದರೂ ವಿಡಿಯೊ ಮಾಡಿ ಹಾಕಿದರೆ ಗತಿಯೇನು ಎಂಬುದು ಆಡಳಿತ ಮಂಡಳಿಯ ಕಾರ್ಯದರ್ಶಿಯ ಚಿಂತೆ. ಆ ಪದದ ಮೇಲೆಲ್ಲ ಬಿಳಿ ಬಣ್ಣ ಬಳಿದರೆ ಹೇಗೆ ಎಂದು ಇಂಗ್ಲಿಷ್ ಮೇಷ್ಟ್ರು ಕೇಳಿದರು. ಸಾರ್ ಆವತ್ತು ಆಡಿದ ಮಾತು ಇದೊಂದೇ: "ಬಣ್ಣ ಬಳಿದ ಜಾಗದಲ್ಲಿ ಏನಿತ್ತು ಅಂತ ಮಕ್ಕಳು ಮೊದಲು ಅದನ್ನೇ ಕೆರೀತಾರೆ." ಕೊನೆಗೆ ಕಾದಂಬರಿಯನ್ನೇ ತೆಗೆದುಹಾಕಿ, ಮಹಾಪುರುಷರ ಬಾಲ್ಯದ ಕಥೆಗಳನ್ನು ಓದಿಸುವುದೆಂದು ತೀರ್ಮಾನವಾಯಿತು.

ಪುಸ್ತಕಗಳನ್ನು ಸಾರ್ ತಾವೇ ಹೊತ್ತು ತಂದು ಹೆಡ್ ಮಿಸ್ ಕೋಣೆಯ ಬೀರುವಿನಲ್ಲಿ ಜೋಡಿಸಿದರು. ನಾನು ಬಾಗಿಲಲ್ಲಿ ನಿಂತು, "ಹಾಗಾದ್ರೆ ಒಪ್ಪಿದ್ರಾ ಸಾರ್?" ಎಂದು ಕೇಳಿದೆ.

"ಇಲ್ಲ ಮೇಡಂ. ಪುಸ್ತಕ ಇರ್ಬೇಕಿತ್ತು. ನಾನು ಇರ್ಬಾರ್ದಿತ್ತು. ಆ ಪುಟನ ಪಟೇಲನ ಮೊಮ್ಮಗ ಓದಬಾರ್ದು."

ಅವರು ರಾಜೀನಾಮೆ ಕೊಡಲು ಹೋದದ್ದೂ ನಿಜ. ಕನ್ನಡದ ಫಲಿತಾಂಶ ಚೆನ್ನಾಗಿ ಬರುತ್ತಿದ್ದುದರಿಂದ ಆಡಳಿತ ಮಂಡಳಿ ಒಪ್ಪಲಿಲ್ಲ. ಅವರು ಬಯಸಿದ್ದು ಒಂದು, ಶಾಲೆ ಮಾಡಿದ್ದು ಅದರ ತಿರುವುಮುರುವು. ಸಾರ್ ಉಳಿದರು, ಪುಸ್ತಕ ಹೋಯಿತು.

ಅವರಿಗೆ ಆಗ ಉಳಿದಿದ್ದ ಆಸೆ ಒಂದೇ, ಸುಧಾ ಶಾಲೆಗೆ ವಾಪಸ್ ಬರಬೇಕು. "ಆ ಮಗು ಓದು ಬಿಟ್ರೆ ನಾನು ಸತ್ತಂಗೆ," ಅನ್ನುತ್ತಿದ್ದರು. ಅವಳ ಮನೆಗೆ ಹೋಗೋಣ, ಜೊತೆಗೆ ಬನ್ನಿ ಎಂದು ನನ್ನನ್ನು ಕೇಳಿದರು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ನಡೆದೇ ಹೋದೆವು. ಹುಟ್ಟಿದ ಊರಿನ ಆ ಬೀದಿಗೆ ಅವರು ಕಾಲಿಟ್ಟು ಎಷ್ಟು ಕಾಲವಾಗಿತ್ತೋ, ಮನೆ ಯಾವುದೆಂದು ದಾರಿಯಲ್ಲಿ ಕೇಳಬೇಕಾಯಿತು.

ಸಿಮೆಂಟ್ ಶೀಟಿನ ಎರಡು ಕೋಣೆಯ ಮನೆ. ಸುಧಾಳ ಅಮ್ಮ ಆಗ ತಾನೇ ಕೆಲಸದಿಂದ ಬಂದಿದ್ದರು. ಅಪ್ಪ ರಾತ್ರಿ ಪಾಳಿಗೆ ಹೋಗಿಯಾಗಿತ್ತು, ತಾತ ಅಂಗಡಿ ಕಡೆ ಹೋಗಿದ್ದರು. ನಮ್ಮನ್ನು ಕಂಡು ಆಯಮ್ಮನಿಗೆ ಆಶ್ಚರ್ಯವಾಯಿತು. ಆದರೂ ಚಾಪೆ ಹಾಸಿ, "ಬನ್ನಿ ಮೇಡಂ, ಬನ್ನಿ ಸಾರ್, ಒಳಕ್ಕೆ ಬನ್ನಿ," ಎಂದು ಕರೆದರು. ನಾನು ಒಳಗೆ ಹೋಗಿ ಕುಳಿತೆ. ತಿರುಗಿ ನೋಡಿದರೆ ಸಾರ್ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ಕೈಕಟ್ಟಿ ನಿಂತಿದ್ದಾರೆ.

"ಬನ್ನಿ ಸಾರ್," ನಾನೂ ಕರೆದೆ.

"ಪರವಾಗಿಲ್ಲ ಮೇಡಂ, ಯಜಮಾನ್ರು ಇಲ್ಲ. ಇಲ್ಲೇ ಗಾಳಿ ಚೆನ್ನಾಗೈತೆ."

ಸುಧಾ ಒಳಗಿನಿಂದ ಎರಡು ಸ್ಟೀಲ್ ಲೋಟಗಳಲ್ಲಿ ನೀರು ತಂದಳು. ನನಗೆ ಒಂದು ಕೊಟ್ಟು, ಇನ್ನೊಂದನ್ನು ಬಾಗಿಲ ತನಕ ತೆಗೆದುಕೊಂಡು ಹೋದಳು. ಸಾರ್ ಅವಳನ್ನು ನೋಡಿ ಪ್ರೀತಿಯಿಂದ ನಕ್ಕು, ಕೈ ಅಡ್ಡ ಹಿಡಿದು, "ಬೇಡಮ್ಮ, ಈಗ ತಾನೇ ಕುಡ್ದೆ," ಅಂದರು.

ಅವಳು ಲೋಟ ಹಿಡಿದುಕೊಂಡು ಅಲ್ಲೇ ನಿಂತಳು. ನಾನು ಅವಳ ಅಮ್ಮನ ಮುಖ ನೋಡಿದೆ. ಪಟೇಲರ ಮನೆಯವರೊಬ್ಬರು ಆ ಮನೆಯ ಹೊಸ್ತಿಲ ಹೊರಗೆ ನಿಂತು ನೀರು ಬೇಡ ಅನ್ನುವುದಕ್ಕೆ ಆ ಬೀದಿಯಲ್ಲಿ ಇರುವುದು ಒಂದೇ ಅರ್ಥ. ಸಾರ್ ಆಮೇಲೆ ಹೊರಗಿನಿಂದಲೇ ಕ್ಷಮೆ ಕೇಳಿದರು, ಮಗುವನ್ನು ಕಳಿಸಿ ಎಂದು ಕೈ ಮುಗಿದರು, ಕಣ್ಣೊರೆಸಿಕೊಂಡರು. ಒಂದು ಮಾತೂ ಒಳಗೆ ಹೋಗಲಿಲ್ಲ. ಆಯಮ್ಮ "ನೋಡಾಣ ಸಾರ್," ಅಂದರು, ಅಷ್ಟೆ.

ನೀರು ಬೇಡ ಅಂದದ್ದು ಆ ಮನೆಯವರಿಗೆ ಹೇಗೆ ಕಂಡಿತೆಂದು ಬರುವ ದಾರಿಯಲ್ಲಿ ನಾನು ಹೇಳಿದೆ. ಮೊದಲು ಅವರಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತರು. ಕಂಪನಿ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. "ನಾನು ಮರ್ಯಾದೆ ಅಂದ್ಕೊಂಡೆ ಮೇಡಂ," ಅಂದರು. "ಎಲ್ಲಾ ಮನೇಲೂ ಅಂಗೇ ನಿಲ್ಲೋದು ನಾನು. ನಿಮ್ಗೆ ಗೊತ್ತಲ್ಲ." ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದು ಏನು ಪ್ರಯೋಜನ.

ಮರುದಿನ ಒಬ್ಬರೇ ಹೋದರಂತೆ. ಒಳಗೆ ಹೋಗಿ ಚಾಪೆಯ ಮೇಲೆ ಕೂತು, ತಾವಾಗಿಯೇ ನೀರು ಕೇಳಿ ಕುಡಿದರಂತೆ. ಆಯಮ್ಮ ಲೋಟ ವಾಪಸ್ ತೆಗೆದುಕೊಂಡು, "ನೀರು ಕುಡುದ್ರಿ, ಸಂತೋಷ. ಮಗಳು ಮಾತ್ರ ಬರಲ್ಲ ಸಾರ್," ಅಂದರಂತೆ. ಇದನ್ನು ನನಗೆ ಹೇಳುವಾಗ ಅವರು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಆ ಎರಡು ಸಲ.

ಸುಧಾ ಬೇರೆ ಶಾಲೆಗೆ ಸೇರಿದಳು. ಓದು ಬಿಡಲಿಲ್ಲ ಎಂಬುದಷ್ಟೇ ಅವರಿಗೆ ಸಮಾಧಾನ. ನಮ್ಮಲ್ಲಿ ಶನಿವಾರಗಳಂದು ಮಹಾಪುರುಷರು ಬಾಲ್ಯದಲ್ಲಿ ಸತ್ಯ ಹೇಳತೊಡಗಿದರು. ಸಾರ್ ಅದನ್ನೂ ಓದಿಸಿದರು, ಕುರ್ಚಿಯಿಂದ ಏಳದೆ. ಪುಸ್ತಕ ಬೀರು ಸೇರಿದರೂ ಆ ಪದ ನಲ್ಲಿಯ ಹತ್ತಿರದಿಂದ ಹೋಗಲಿಲ್ಲ. ಬೇರೆ ಮಕ್ಕಳ ಮೇಲೆ ಬಿತ್ತು, ಕ್ರಿಕೆಟ್ಟಿನಲ್ಲಿ ಔಟಾದವನ ಮೇಲೆ ಬಿತ್ತು, ಅರ್ಥ ಗೊತ್ತಿಲ್ಲದವರ ಬಾಯಲ್ಲೂ ಬಂತು. ಅದು ಎಲ್ಲಿಂದ ಬಂತು, ಯಾರು ಯಾರಿಗೆ ಅನ್ನುತ್ತಿದ್ದರು ಎಂದು ಹೇಳುವ ಪಾಠ ಮಾತ್ರ ಇರಲಿಲ್ಲ. ನಿವೃತ್ತಿಯ ತನಕ ಸಾರ್ ಊಟದ ಬಿಡುವಿನಲ್ಲಿ ಆ ನಲ್ಲಿಯ ಪಕ್ಕದಲ್ಲೇ ನಿಲ್ಲುತ್ತಿದ್ದರು. ಹೊಸದಾಗಿ ಬಂದ ಟೀಚರುಗಳು ಅವರಿಗೆ ನೀರು ಪೋಲಾಗುವುದರ ಚಿಂತೆ ಎಂದುಕೊಂಡಿದ್ದರು. ನಾವಿಬ್ಬರೂ ಜಗಳವಾಡುವುದೂ ನಿಂತುಹೋಯಿತು. ನಾನು ಕೆಣಕಿದರೆ, "ನೀವ್ ಹೇಳಿದ್ದೇ ಸರಿ ಮೇಡಂ," ಅನ್ನುವರು. ಅದನ್ನು ಕೇಳುವುದು ನನಗೆ ಕಷ್ಟವಾಗುತ್ತಿತ್ತು.

ಹನ್ನೊಂದನೇ ದಿನದ ತಿಥಿಗೆ ಹೋಗಿದ್ದೆ. ಮನೆಯ ಮುಂದೆ ಶಾಮಿಯಾನ, ಊಟದ ಪಂಕ್ತಿ, ಊರ ತುಂಬ ಜನ. ಹಜಾರದ ಗೋಡೆಯ ಮೇಲೆ ಸಾರ್ ಫೋಟೊ, ಹೊಸ ಹಾರ. ಅದರ ಪಕ್ಕದಲ್ಲಿ ಪೇಟ ಸುತ್ತಿದ, ಮೀಸೆ ಹೊತ್ತ ತಾತನ ಫೋಟೊ, ಅದಕ್ಕೂ ಹೊಸ ಹಾರ. ನಾನು ಹೂ ಹಾಕಿ ಹೊರಗೆ ಬಂದಾಗ ಗೇಟಿನ ಹತ್ತಿರ ಒಬ್ಬಳು ನಿಂತಿದ್ದಳು. ಕುತ್ತಿಗೆಯಲ್ಲಿ ಆಸ್ಪತ್ರೆಯ ಗುರುತಿನ ಚೀಟಿ. ಅವಳೇ ಮಾತಾಡಿಸದಿದ್ದರೆ ನನಗೆ ಗುರುತು ಸಿಗುತ್ತಿರಲಿಲ್ಲ. ಸುಧಾ ಈಗ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳಂತೆ.

"ಸಾರ್ ಆವತ್ತು ಮನೆಗೆ ಬಂದಿದ್ರಲ್ಲ ಮಿಸ್. ಅದ್ಕೆ ಹೋಗ್ಬಾ ಅಂದ್ರು ಅಮ್ಮ."

"ನಿನಗೆ ಅವರ ಮೇಲೆ ಸಿಟ್ಟಿಲ್ವೇನೇ?"

"ಅವ್ರು ಅದನ್ನ ಹೇಳ್ವಾಗ ನನ್ ಕಡೆ ನೋಡ್ಲಿಲ್ಲ ಮಿಸ್. ನೋಡಿದ್ದು ಮಿಕ್ಕೋರು. ಆದ್ರೂ ಆ ಕ್ಲಾಸಿಗೆ ಮತ್ತೆ ಹೋಗ್ತಿದ್ನಾ ಅಂದ್ರೆ, ಇಲ್ಲ."

ಒಳಗೆ ಹೋಗೋಣ ಬಾ, ಫೋಟೊಗೆ ಹೂ ಹಾಕು ಎಂದೆ. "ಇಲ್ಲೇ ಇರ್ತೀನಿ ಮಿಸ್," ಅಂದಳು. ನಾನು ಬಲವಂತ ಮಾಡಲಿಲ್ಲ. ಅಷ್ಟರಲ್ಲಿ ಸಾರ್ ಅಣ್ಣ ಬಂದವರನ್ನು ಮಾತಾಡಿಸುತ್ತ ನಮ್ಮ ಹತ್ತಿರ ಬಂದರು. ದುಃಖದಲ್ಲಿದ್ದರು, ಅದರಲ್ಲಿ ಸುಳ್ಳಿರಲಿಲ್ಲ. ನನ್ನ ಕೈ ಹಿಡಿದುಕೊಂಡು, ಹಜಾರದ ಕಡೆ ತೋರಿಸಿ ಹೇಳಿದರು.

"ನಮ್ ತಾತನ ಗುಣ ಪೂರ್ತಿ ನಮ್ ತಮ್ಮಂಗೇ ಬಂದಿತ್ತು ಮೇಡಂ. ದೇವ್ರಂಥ ಮನ್ಷ ನಮ್ ತಾತ. ಹೊಲದಾಗೆ ಗೇಯೋರನ್ನೂ ಸ್ವಂತ ಮಕ್ಳಂಗೆ ನೋಡ್ಕೊಂಡೋರು. ಯಾರಿಗೂ ಒಂದ್ 'ಏನೋ' ಅಂದೋರಲ್ಲ."

ಸುತ್ತ ಇದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ಸಾರ್ ಹೆದರಿದ್ದು ಇದಕ್ಕೇ. ಅವರು ಹೋಗಿ ಹನ್ನೊಂದು ದಿನವಾಗಿತ್ತು ಅಷ್ಟೆ.

"ಅಂತಿದ್ರು," ಸುಧಾ ಅಂದಳು.

ಅಣ್ಣನವರು ಅವಳ ಕಡೆ ತಿರುಗಿದರು.

"ಸಾರ್ ನಮಗೆ ಕ್ಲಾಸಲ್ಲೇ ಹೇಳಿದ್ರು. ನಿಮ್ ತಾತ ಹೊಲದಲ್ಲಿ ಹೇಗೆ ಕರೀತಿದ್ರು ಅಂತ." ಆಮೇಲೆ ಅವಳು ಆ ಪದವನ್ನು ಹೇಳಿದಳು. ಗಟ್ಟಿಯಾಗಿ ಅಲ್ಲ, ಲ್ಯಾಬಿನಲ್ಲಿ ರಕ್ತದ ಗುಂಪು ಹೇಳುವವರ ಹಾಗೆ.

ಅಣ್ಣನವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವರು ನಕ್ಕರು. "ಅವ್ನು ಮೊದ್ಲಿಂದ್ಲೂ ಅಂಗೇ ಕಣಮ್ಮ. ಪುಸ್ತಕ ಓದಿ ಓದಿ ಕತೆ ಕಟ್ಟೋನು. ಮಕ್ಳಿಗೆ ಚೆನ್ನಾಗಿರ್ಲಿ ಅಂತ ಹೇಳವ್ನೆ."

"ಕತೆಯಲ್ಲ," ನಾನು ಅಂದೆ. "ಪಕ್ಕದ ಕ್ಲಾಸಿಂದ ಪ್ರತಿ ವರ್ಷ ನಾನೂ ಕೇಳಿದೀನಿ. ಅವ್ರು ಸುಳ್ಳು ಹೇಳೋರಲ್ಲ."

"ಊಟ ಮಾಡ್ಕೊಂಡ್ ಹೋಗಿ ಮೇಡಂ," ಅಂದರು ಅವರು, ಬಹಳ ಮರ್ಯಾದೆಯಿಂದ. ಒಳಗೆ ತಿರುಗಿ, "ಯಾರ್ರೋ ಅಲ್ಲಿ, ಈ ಮಗೀಗೆ ನೀರು ಕೊಡ್ರೋ," ಎಂದು ಕೂಗಿ, ಗೇಟಿಗೆ ಬಂದ ಬೇರೆ ಯಾರನ್ನೋ ಎದುರುಗೊಳ್ಳಲು ಹೋದರು.

ಆ ಮನೆಯ ಸೊಸೆ ಒಬ್ಬಳು ಸ್ಟೀಲ್ ಲೋಟದಲ್ಲಿ ನೀರು ತಂದಳು. ಸುಧಾ ಹಜಾರದ ಕಡೆ, ಅಕ್ಕಪಕ್ಕದ ಎರಡು ಫೋಟೊಗಳ ಕಡೆ, ಒಂದು ಸಲ ನೋಡಿದಳು.

"ಬೇಡಕ್ಕ," ಅಂದಳು. "ಈಗ ತಾನೇ ಕುಡ್ದೆ."